ಭೂತಕಾಲವೇ ಇಲ್ಲದ ಕಟ್ಟಡಕ್ಕೆ ಭೂತ ಬಂದದ್ದು ಎಲ್ಲಿಂದ?

1987ರ ಏಪ್ರಿಲ್‌ನ ಒಂದು ರಾತ್ರಿ ಶಿಕಾಗೋ ಪೊಲೀಸರಿಗೆ ಒಬ್ಬ ಹೆಂಗಸಿನ ಫೋನ್ ಬಂತು. ಸರ್ಕಾರಿ ವಸತಿ ಕಟ್ಟಡವೊಂದರ 11ನೇ ಮಹಡಿಯಲ್ಲಿ ಒಬ್ಬರೇ ಇದ್ದವರು. ಬಚ್ಚಲಿನ ಕಡೆಯಿಂದ ಯಾರೋ ಒಳಗೆ ನುಗ್ಗುತ್ತಿದ್ದಾರೆ, ಕಪಾಟು ಕಿತ್ತು ಕೆಡವಿದ್ದಾರೆ ಅಂತ ಹೇಳಿದರು. ಗೋಡೆಯೊಳಗಿಂದ ಜನ ಬರುತ್ತಾರಾ? ಫೋನ್ ಎತ್ತಿದವರಿಗೆ ತಲೆಬುಡ ಅರ್ಥವಾಗಲಿಲ್ಲ. ನೆರೆಮನೆಯವರ ಜತೆ ಗಲಾಟೆ ಅಂತ ಬರೆದುಕೊಂಡರು. ಪೊಲೀಸರು ಬಂದು ಬಾಗಿಲು ತಟ್ಟಿದರು. ಉತ್ತರ ಬರಲಿಲ್ಲ, ಹೊರಟುಹೋದರು. ಎರಡು ದಿನದ ನಂತರ ಬಾಗಿಲು ತೆಗೆದಾಗ ಆಕೆ ಗುಂಡೇಟು ತಿಂದು ಸತ್ತುಬಿದ್ದಿದ್ದರು.

ಆಕೆ ಹೇಳಿದ್ದರಲ್ಲಿ ಒಂದಿಷ್ಟೂ ಉತ್ಪ್ರೇಕ್ಷೆ ಇರಲಿಲ್ಲ. ಆ ಕಟ್ಟಡದಲ್ಲಿ ಪಕ್ಕಪಕ್ಕದ ಮನೆಗಳ ಬಚ್ಚಲುಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದವು. ಪೈಪು ರಿಪೇರಿಗೆ ಅನುಕೂಲವಾಗಲಿ ಅಂತ ನಡುವೆ ಒಬ್ಬ ಮನುಷ್ಯ ನುಸುಳುವಷ್ಟು ಸಂದು ಬಿಟ್ಟಿದ್ದರು. ಆ ಸಂದಿಗೂ ಮನೆಗೂ ನಡುವೆ ಇದ್ದದ್ದು ಔಷಧಿ ಇಡುವ ಕನ್ನಡಿ ಕಪಾಟು, ಅಷ್ಟೇ. ಆಚೆ ಕಡೆಯಿಂದ ತಳ್ಳಿದರೆ ಕಳಚಿ ಬೀಳುತ್ತಿತ್ತು. ಕಳ್ಳರಿಗೆ ಇದು ಗೊತ್ತಿತ್ತು. ಅಲ್ಲಿನ ಬಾಡಿಗೆದಾರರಿಗೂ ಗೊತ್ತಿತ್ತು.

ಐದು ವರ್ಷದ ನಂತರ, 1992ರಲ್ಲಿ, ಇದೇ ಕನ್ನಡಿ ಕಪಾಟು ಕ್ಯಾಂಡಿಮ್ಯಾನ್ ಅನ್ನುವ ಹಾರರ್ ಸಿನಿಮಾದೊಳಗೆ ಬಂತು. ಅದರ ಮೂಲ ಕಥೆ 1985ರದ್ದು, ನಡೆಯುವುದು ಇಂಗ್ಲೆಂಡಿನ ಒಂದು ಕೌನ್ಸಿಲ್ ಎಸ್ಟೇಟಿನಲ್ಲಿ. ಸಿನಿಮಾ ಮಾಡಿದವರು ಅದನ್ನು ಎತ್ತಿ ಶಿಕಾಗೋದ ಕ್ಯಾಬ್ರಿನಿ ಗ್ರೀನ್ ವಸತಿ ಸಮುಚ್ಚಯಕ್ಕೆ ತಂದಿಟ್ಟರು. ದೇಶ ಬದಲಾಯಿತು, ಮಾತಿನ ಧಾಟಿ ಬದಲಾಯಿತು. ಆದರೂ ಕಥೆಗೆ ಏನೂ ಧಕ್ಕೆ ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನುವುದು ಗೊತ್ತಾದರೆ ಈ ಬಗೆಯ ಕಥೆಗಳ ಅರ್ಧ ಗುಟ್ಟು ಗೊತ್ತಾದ ಹಾಗೆ.

ಮೊದಲು ಒಂದು ಪದ. ಎಸ್ಟೇಟ್ ಅಂದರೆ ನಮಗೆ ಕಾಫಿ ತೋಟ. ಬ್ರಿಟನ್ನಿನಲ್ಲಿ ಕೌನ್ಸಿಲ್ ಎಸ್ಟೇಟ್ ಅಂದರೆ ಬೇರೆ. ಊರಿನ ಸ್ಥಳೀಯ ಆಡಳಿತ ಜಾಗ ತೆಗೆದುಕೊಂಡು, ತಾನೇ ಕಟ್ಟಿ, ಕಡಿಮೆ ಬಾಡಿಗೆಗೆ ಜನರಿಗೆ ಕೊಟ್ಟ ಮನೆಗಳ ಗುಂಪು ಅದು. ಕೆಲವು ಕಡೆ ಸಾಲು ಮನೆಗಳು. ಕೆಲವು ಕಡೆ ಇಪ್ಪತ್ತು, ಮೂವತ್ತು ಮಹಡಿಯ ಗೋಪುರಗಳು. ಇಂಥ ಕಡೆ, ಅದೂ ಹಾಳುಬಿದ್ದ ಕಡೆ, ನಡೆಯುವ ದೆವ್ವದ ಕಥೆಗಳದ್ದೇ ಒಂದು ದೊಡ್ಡ ಕವಲು ಇದೆ. ಬರಹದಲ್ಲೂ ಇದೆ, ಸಿನಿಮಾದಲ್ಲೂ ಇದೆ.

ದೆವ್ವದ ಕಥೆಯ ಹಳೇ ಸೂತ್ರ ನೋಡಿದರೆ ಇದು ಆಗಬಾರದಿತ್ತು. ದೆವ್ವಕ್ಕೆ ಹಳೇ ಮನೆ ಬೇಕು. ಮೂರು ತಲೆಮಾರಿನ ಪಾಪ ಬೇಕು, ಬೀಗ ಹಾಕಿದ ಒಂದು ಕೋಣೆ ಬೇಕು, ಗೋಡೆ ಮೇಲೆ ತಾತ ಮುತ್ತಾತರ ಚಿತ್ರ ಬೇಕು. ಕನ್ನಡದಲ್ಲಂತೂ ಇದು ಪದದಲ್ಲೇ ಇದೆ. ಕಳೆದುಹೋದದ್ದೂ ಭೂತ, ಕಾಡುವುದೂ ಭೂತ. ಭೂತಕಾಲ ಇದ್ದ ಕಡೆ ತಾನೇ ಭೂತ ಇರಬೇಕು? ಎಸ್ಟೇಟಿಗೆ ಭೂತಕಾಲವೇ ಇಲ್ಲ. ಅದನ್ನು ಕಟ್ಟಿದ್ದೇ ಭವಿಷ್ಯದ ಹೆಸರಲ್ಲಿ. 2004ರಲ್ಲಿ ಬಂದ ಒಂದು ಸ್ವೀಡಿಷ್ ಕಾದಂಬರಿ ರಕ್ತಪಿಶಾಚಿಯನ್ನು ಸ್ಟಾಕ್‌ಹೋಮ್ ಅಂಚಿನ ಬ್ಲಾಕೆಬೆರ್ಗ್ ಬಡಾವಣೆಗೆ ಕರೆತರುತ್ತದೆ. ಶುರುವಿನಲ್ಲೇ ಅದು ಎತ್ತುವ ಮಾತೂ ಇದೇ: ಇಲ್ಲಿ ಎಲ್ಲ ಹೊಸತು, ಈ ಜಾಗಕ್ಕೆ ಹಿಂದಿನದು ಅನ್ನುವುದೇ ಇಲ್ಲ.

ಹಾಗಾದರೆ ಎಸ್ಟೇಟಿನ ದೆವ್ವ ಯಾವುದರ ದೆವ್ವ? ನನ್ನ ಪ್ರಕಾರ ಅದು ಸತ್ತವರ ದೆವ್ವ ಅಲ್ಲ. ಯಾರೂ ಕಿವಿಗೆ ಹಾಕಿಕೊಳ್ಳದ ಕಂಪ್ಲೇಂಟಿನ ದೆವ್ವ. ಗೋಡೆಯಲ್ಲಿ ಏನೋ ಇದೆ ಅಂತ ಬಾಡಿಗೆದಾರರು ಹೇಳುತ್ತಾರೆ. ಏನೂ ಇಲ್ಲ ಅಂತ ಆಫೀಸು ಹೇಳುತ್ತದೆ. ಈ ಎರಡು ಮಾತಿನ ನಡುವಿನ ಸಂದಿಯಲ್ಲಿ ದೆವ್ವ ಮನೆ ಮಾಡುತ್ತದೆ.

ಸ್ವಲ್ಪ ಹಿಂದಕ್ಕೆ ಹೋಗಬೇಕು. ಬ್ರಿಟನ್ನಿನಲ್ಲಿ ಕೌನ್ಸಿಲ್ ಮನೆಗಳ ದೊಡ್ಡ ಅಲೆ ಶುರುವಾದದ್ದು 1919ರ ಕಾನೂನಿನಿಂದ. ಯುದ್ಧ ಮುಗಿಸಿ ಬಂದ ಸೈನಿಕರಿಗೆ ಒಳ್ಳೆಯ ಮನೆ ಕೊಡುತ್ತೇವೆ ಅನ್ನುವ ಮಾತು ಅದರ ಹಿಂದಿತ್ತು. ಎರಡನೇ ಮಹಾಯುದ್ಧದ ನಂತರ ಇನ್ನೂ ಜಾಸ್ತಿ ಕಟ್ಟಿದರು. 1956ರ ಕಾನೂನು ಒಂದು ವಿಚಿತ್ರ ಮಾಡಿತು. ಕಟ್ಟಡ ಎಷ್ಟು ಎತ್ತರವೋ ಪ್ರತಿ ಮನೆಗೆ ಅಷ್ಟು ಹೆಚ್ಚು ಸಹಾಯಧನ! ಗೋಪುರಗಳು ಅಣಬೆಯ ಹಾಗೆ ಎದ್ದವು. 1970ರ ದಶಕದ ಕೊನೆಗೆ ಬ್ರಿಟನ್ನಿನ ಹೆಚ್ಚುಕಡಿಮೆ ಮೂರರಲ್ಲಿ ಒಂದು ಕುಟುಂಬ ಇಂಥ ಸರ್ಕಾರಿ ಮನೆಯಲ್ಲಿತ್ತು. ಇದನ್ನು ಮರೆಯಬಾರದು. ಕೊಳಕು ಗಲ್ಲಿಯಿಂದ ಎದ್ದು ಬಂದವರಿಗೆ ಈ ಮನೆಗಳು ನಿಜಕ್ಕೂ ಸ್ವರ್ಗವಾಗಿದ್ದವು. ಮನೆಯೊಳಗೇ ಬಚ್ಚಲು, ಕೊಳಾಯಿ ತಿರುಗಿಸಿದರೆ ಬಿಸಿನೀರು, ಕಿಟಕಿ ತೆರೆದರೆ ಊರೆಲ್ಲ ಕಾಣುವ ನೋಟ. ಕಥೆ ಬರೆಯುವವರು ಈ ಖುಷಿಯನ್ನು ಬಿಟ್ಟೇಬಿಡುತ್ತಾರೆ, ಅದು ನನಗೆ ಬೇಸರ. ಕೊಟ್ಟ ಮಾತು ದೊಡ್ಡದಿದ್ದಾಗ ತಾನೇ ಅದು ಮುರಿದ ಸದ್ದು ಜೋರಾಗಿ ಕೇಳುವುದು?

1980ರಲ್ಲಿ ಬಾಡಿಗೆದಾರರೇ ತಮ್ಮ ಮನೆಯನ್ನು ಅಗ್ಗಕ್ಕೆ ಕೊಳ್ಳಬಹುದು ಅನ್ನುವ ಹಕ್ಕು ಬಂತು. ಅಂಗಳ ಇರುವ ಒಳ್ಳೆಯ ಮನೆಗಳು ಬೇಗ ಮಾರಾಟವಾದವು. ಗೋಪುರದ ಫ್ಲ್ಯಾಟುಗಳನ್ನು ಕೊಳ್ಳುವವರು ಕಡಿಮೆ. ಹೀಗೆ ಬೇರೆ ದಾರಿ ಇಲ್ಲದವರು ಅಲ್ಲೇ ಉಳಿದರು, ರಿಪೇರಿಯ ದುಡ್ಡು ಕರಗುತ್ತಾ ಹೋಯಿತು. ಲಿಫ್ಟ್ ಕೆಟ್ಟರೆ ಕೆಟ್ಟೇ ಇರುತ್ತಿತ್ತು. ನಾವು ಸಿನಿಮಾದಲ್ಲಿ ನೋಡುವ ಎಸ್ಟೇಟು ಹೆಚ್ಚಾಗಿ ಈ ಕಾಲದ್ದು.

ಇನ್ನು ಕಟ್ಟಡದ ಒಳಗೆ ಹೋಗೋಣ. ಎಸ್ಟೇಟ್ ಹಾರರ್‌ನ ಅರ್ಧ ಕೆಲಸವನ್ನು ಕಾಂಕ್ರೀಟೇ ಮಾಡಿಕೊಡುತ್ತದೆ.

ಮೊದಲನೆಯದು ತೇವ. 60ರ ದಶಕದಲ್ಲಿ ಎಷ್ಟೋ ಗೋಪುರಗಳನ್ನು ಕಾರ್ಖಾನೆಯಲ್ಲಿ ಎರಕ ಹೊಯ್ದ ದೊಡ್ಡ ಕಾಂಕ್ರೀಟ್ ಹಲಗೆಗಳಿಂದ ಕಟ್ಟಿದರು. ಕ್ರೇನಿನಲ್ಲಿ ಎತ್ತುವುದು, ಒಂದಕ್ಕೊಂದು ಜೋಡಿಸುವುದು. ಹಲಗೆ ಹಲಗೆ ಸೇರುವ ಮೂಲೆಗಳು ಚಳಿಗಾಲದಲ್ಲಿ ಮಂಜುಗಡ್ಡೆಯಷ್ಟು ತಣ್ಣಗಾಗುತ್ತವೆ. ಮನೆಯೊಳಗಿನ ಉಸಿರು, ಅಡುಗೆಯ ಹಬೆ, ಒಣಹಾಕಿದ ಬಟ್ಟೆಯ ತೇವ ಎಲ್ಲ ಆ ತಣ್ಣನೆ ಮೂಲೆಗೆ ಹೋಗಿ ನೀರಾಗುತ್ತದೆ. ಹಳೇ ಮನೆಗಳಲ್ಲಿ ಹೊಗೆಗೂಡು ಇತ್ತು, ಗಾಳಿ ಆಡುತ್ತಿತ್ತು. ಇಲ್ಲಿ ಅದೂ ಇಲ್ಲ. ಕರೆಂಟ್ ಹೀಟರ್ ಹಾಕಿದರೆ ಬಿಲ್ಲು ಕಟ್ಟೋಕಾಗಲ್ಲ, ಹಾಕದಿದ್ದರೆ ಗೋಡೆ ಇನ್ನೂ ತಣ್ಣಗೆ. ಆ ನೀರಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಮೊದಲು ಸೂರಿನ ಮೂಲೆಯಲ್ಲಿ ಚುಕ್ಕಿ ಚುಕ್ಕಿ. ಆಮೇಲೆ ಚುಕ್ಕಿಗಳು ಕೂಡಿಕೊಂಡು ಒಂದು ಆಕಾರ. ಒರೆಸಿ ಬಣ್ಣ ಹೊಡೆದರೆ ಒಂದೆರಡು ತಿಂಗಳು ಸುಮ್ಮನಿರುತ್ತದೆ. ನಂತರ ಬಣ್ಣದ ಒಳಗಿಂದ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಮತ್ತೆ ಎದ್ದು ಬರುತ್ತದೆ. ಹೂತಿಟ್ಟದ್ದು ಎದ್ದು ಬರುವುದು ಅಂದರೆ ಇದೇ ಅಲ್ವಾ?

ಎರಡನೆಯದು ಸದ್ದು. ಗಟ್ಟಿ ಕಾಂಕ್ರೀಟು ಮಾತನ್ನು ಒಂದಿಷ್ಟು ತಡೆಯುತ್ತದೆ. ಬಡಿತವನ್ನು ಮಾತ್ರ ದೂರ ದೂರ ಒಯ್ಯುತ್ತದೆ. ಎರಡು ಮಹಡಿ ಕೆಳಗೆ, ನಾಲ್ಕು ಮನೆ ಆಚೆ ಯಾರೋ ಕುರ್ಚಿ ಎಳೆದರೆ ಅದು ನಿಮ್ಮ ತಲೆಯ ಮೇಲೇ ಎಳೆದ ಹಾಗೆ ಕೇಳುತ್ತದೆ. ಗಾಳಿಯಲ್ಲಿ ಬರುವ ಸದ್ದು ಎಡದಿಂದ ಬಂತೋ ಬಲದಿಂದ ಬಂತೋ ಕಿವಿಗೆ ಗೊತ್ತಾಗುತ್ತದೆ. ಇಡೀ ಗೋಡೆ, ಇಡೀ ಸೂರು ಸದ್ದು ಮಾಡಿದಾಗ ದಿಕ್ಕು ತಪ್ಪಿಹೋಗುತ್ತದೆ. ಜತೆಗೆ ನೀರಿನ ಪೈಪುಗಳು. ಎಲ್ಲೋ ಒಂದು ಕೊಳಾಯಿ ಫಟ್ ಅಂತ ನಿಲ್ಲಿಸಿದರೆ ಹರಿಯುತ್ತಿದ್ದ ನೀರು ಪೈಪಿಗೆ ಗುದ್ದುತ್ತದೆ, ಗೋಡೆಯೊಳಗೆ ಯಾರೋ ಬಡಿದ ಹಾಗೆ. ಚಳಿಗಾಲದಲ್ಲಿ ಒಳಗಿನ ಬಿಸಿಗಾಳಿ ಲಿಫ್ಟಿನ ಬಾವಿ ಮತ್ತು ಮೆಟ್ಟಿಲ ಬಾವಿಯಲ್ಲಿ ಮೇಲಕ್ಕೆ ಏರುತ್ತದೆ. ಕೆಳಗಿನ ಬಾಗಿಲುಗಳು ಗಾಳಿಯನ್ನು ಒಳಗೆಳೆದುಕೊಳ್ಳುತ್ತವೆ, ಮೇಲಿನ ಬಾಗಿಲುಗಳು ಹೊರಗೆ ಊದುತ್ತವೆ. ಲಿಫ್ಟ್ ಬಾಗಿಲ ಸಂದಿಯಿಂದ ಒಂದು ಸಣ್ಣ ಸಿಳ್ಳೆ ನಿಲ್ಲದೆ ಬರುತ್ತಿರುತ್ತದೆ.

ಇಲ್ಲಿ ಒಬ್ಬ ಬ್ರಿಟಿಷ್ ಎಂಜಿನಿಯರ್ ನೆನಪಾಗುತ್ತಾರೆ, ವಿಕ್ ಟ್ಯಾಂಡಿ. ಅವರು ಕೆಲಸ ಮಾಡುತ್ತಿದ್ದ ಲ್ಯಾಬಿನಲ್ಲಿ ಜನಕ್ಕೆ ವಿನಾಕಾರಣ ಮೈ ನಡುಗುತ್ತಿತ್ತು. ಒಮ್ಮೆ ಅವರಿಗೇ ಕಣ್ಣಂಚಿನಲ್ಲಿ ಬೂದು ಬಣ್ಣದ ಆಕೃತಿಯೊಂದು ಕಂಡಿತು. ಮಾರನೇ ದಿನ, ಬಿಗಿಹಿಡಿಯುವ ಇಕ್ಕಳಕ್ಕೆ (ವೈಸ್) ಸಿಗಿಸಿಟ್ಟಿದ್ದ ಕತ್ತಿವರಸೆಯ ಅಲಗು ತಾನೇ ತಾನಾಗಿ ಅದುರುವುದನ್ನು ನೋಡಿದರು. ಹುಡುಕಿದರೆ ಹೊಸದಾಗಿ ಹಾಕಿದ್ದ ಒಂದು ಫ್ಯಾನು ಸಿಕ್ಕಿತು. ಕಿವಿಗೆ ಕೇಳಿಸದ, ಸುಮಾರು 19 ಹರ್ಟ್ಜ್‌ನ ಕಂಪನ ಅದರಿಂದ ಬರುತ್ತಿತ್ತು. 1998ರಲ್ಲಿ ಇದನ್ನು ಪ್ರಬಂಧವಾಗಿ ಪ್ರಕಟಿಸಿದರು. ಈ ವಿವರಣೆಯನ್ನು ಎಲ್ಲರೂ ಒಪ್ಪಿಲ್ಲ. ಆದರೂ ದೊಡ್ಡ ದೊಡ್ಡ ಫ್ಯಾನು, ಉದ್ದುದ್ದ ಗಾಳಿಕೊಳವೆ ಇರುವ ಕಟ್ಟಡದಲ್ಲಿ ಕಥೆ ಬರೆಯುವವನಿಗೆ ಇಷ್ಟು ಸಾಕು.

ಮೂರನೆಯದು ನಕ್ಷೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಪ್ರೂಟ್ ಐಗೋ ಅಂತ ಒಂದು ವಸತಿ ಸಮುಚ್ಚಯ ಇತ್ತು. 11 ಮಹಡಿಯ 33 ಕಟ್ಟಡಗಳು. ಖರ್ಚು ಉಳಿಸಲು ಲಿಫ್ಟನ್ನು 1, 4, 7, 10ನೇ ಮಹಡಿಗಳಲ್ಲಿ ಮಾತ್ರ ನಿಲ್ಲಿಸಿದರು. ಉಳಿದವರು ಇಳಿದು, ಮೆಟ್ಟಿಲು ಹತ್ತಿಯೋ ಇಳಿದೋ ಮನೆ ಸೇರಬೇಕು. ಜನ ಅಲ್ಲಿ ಕೂತು ಹರಟಲಿ, ಮಕ್ಕಳು ಆಡಲಿ ಅನ್ನುವುದು ನಕ್ಷೆ ಬರೆದವರ ಆಸೆ. ಆದದ್ದು ಏನೆಂದರೆ, ಯಾರದ್ದೂ ಅಲ್ಲದ ಮೆಟ್ಟಿಲುಗಳು, ಯಾರೂ ಕಣ್ಣಿಡದ ತಿರುವುಗಳು. 1972ರಲ್ಲಿ ಅದನ್ನು ಸಿಡಿಮದ್ದಿಟ್ಟು ಬೀಳಿಸಲು ಶುರುಮಾಡಿದರು. ಅದೇ ವರ್ಷ ಆಸ್ಕರ್ ನ್ಯೂಮನ್ ಅನ್ನುವ ವಾಸ್ತುಶಿಲ್ಪಿ ಒಂದು ವಾದ ಮುಂದಿಟ್ಟರು. ಜಾಗ ಯಾರದ್ದೂ ಅಲ್ಲ ಅನಿಸಿದರೆ ಅದನ್ನು ಯಾರೂ ಕಾಯುವುದಿಲ್ಲ ಅಂತ. ಆಮೇಲಿನವರು ಅದಕ್ಕೆ ತಕರಾರು ತೆಗೆದರು. ತಪ್ಪೆಲ್ಲ ನಕ್ಷೆಯದ್ದಲ್ಲ, ಬಡತನ ಮತ್ತು ರಿಪೇರಿಗೆ ದುಡ್ಡು ಕೊಡದಿದ್ದದ್ದು ದೊಡ್ಡ ಕಾರಣ ಅಂದರು. ತಕರಾರಿನವರ ಮಾತೇ ನನಗೆ ಸರಿ ಅನಿಸುತ್ತದೆ. ಆದರೆ ಹಾರರ್ ಕಥೆಗಾರನಿಗೆ ನ್ಯೂಮನ್ ಮಾತು ಬಂಗಾರ. ಬಂಗಲೆಯ ದೆವ್ವ ಕೋಣೆಯಲ್ಲಿರುತ್ತದೆ, ಎಸ್ಟೇಟಿನ ದೆವ್ವ ಕಾರಿಡಾರಿನಲ್ಲಿ, ಮೆಟ್ಟಿಲಲ್ಲಿ, ಲಿಫ್ಟಿನಲ್ಲಿ. ದಿನಾ ಎಲ್ಲರೂ ಓಡಾಡುವ, ಯಾರಿಗೂ ಸೇರದ ಜಾಗದಲ್ಲಿ.

ಕಟ್ಟಡ ಇಷ್ಟು ಕೊಟ್ಟರೆ, ಕಥೆಯನ್ನು ಹಬ್ಬಿಸುವವರು ಮಕ್ಕಳು. ಇದಕ್ಕೆ ಗ್ಲಾಸ್ಗೋದ ಗಾರ್ಬಲ್ಸ್ ಅನ್ನುವ ಬಡಜನರ ಪ್ರದೇಶಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

1954ರ ಸೆಪ್ಟೆಂಬರ್. ಸಂಜೆ ಶಾಲೆ ಬಿಟ್ಟ ಮೇಲೆ ನೂರಾರು ಮಕ್ಕಳು ಅಲ್ಲಿನ ದೊಡ್ಡ ಸ್ಮಶಾನಕ್ಕೆ ನುಗ್ಗಿದರು. ಕೈಯಲ್ಲಿ ಕೋಲು, ಚಾಕು, ಸಿಕ್ಕಿದ್ದೆಲ್ಲ. ಏಳು ಅಡಿ ಎತ್ತರದ, ಕಬ್ಬಿಣದ ಹಲ್ಲಿನ ರಕ್ತಪಿಶಾಚಿ ಇಬ್ಬರು ಹುಡುಗರನ್ನು ತಿಂದುಹಾಕಿದೆ, ಅದನ್ನು ಕೊಲ್ಲಬೇಕು! ಪೊಲೀಸರು ಬಂದರು. ಯಾವ ಹುಡುಗನೂ ಕಾಣೆಯಾಗಿರಲಿಲ್ಲ. ಮಕ್ಕಳನ್ನು ಮನೆಗೆ ಕಳಿಸಿದರು. ಮಾರನೇ ಸಂಜೆ ಮತ್ತೆ ಬಂದರು. ಸ್ಮಶಾನದ ಹತ್ತಿರವೇ ಒಂದು ಕಬ್ಬಿಣದ ಕಾರ್ಖಾನೆ. ಅದರ ಕುಲುಮೆಯ ಬೆಂಕಿ ರಾತ್ರಿ ಆಕಾಶವನ್ನೆಲ್ಲ ಕೆಂಪಾಗಿಸುತ್ತಿತ್ತು. ಆ ಬೆಳಕಿನಲ್ಲಿ, ಹೊಗೆಯಲ್ಲಿ, ಸಮಾಧಿಗಳ ನಡುವೆ ಏನು ಬೇಕಾದರೂ ಕಾಣಬಹುದು.

ದೊಡ್ಡವರು ಮಾಡಿದ್ದು ಇನ್ನೂ ಮಜಾ. ತಪ್ಪು ಅಮೆರಿಕದ ಹಾರರ್ ಕಾಮಿಕ್ಸ್‌ಗಳದ್ದು ಅಂದುಬಿಟ್ಟರು. ಆಗಲೇ ಅವುಗಳ ವಿರುದ್ಧ ದೇಶದಲ್ಲಿ ಕೂಗೆದ್ದಿತ್ತು, ಈ ಸುದ್ದಿಯೂ ಅದಕ್ಕೆ ಸೇರಿಕೊಂಡಿತು. 1955ರಲ್ಲಿ ಮಕ್ಕಳಿಗೆ ಹಾನಿಕರವಾದ ಪ್ರಕಟಣೆಗಳ ಮೇಲೆ ಕಾನೂನೇ ಬಂತು. ಆದರೆ ಕಬ್ಬಿಣದ ಹಲ್ಲಿನ ಪ್ರಾಣಿ ಬೈಬಲ್ಲಿನ ದಾನಿಯೇಲನ ಪುಸ್ತಕದಲ್ಲೇ ಇದೆ. ಕಬ್ಬಿಣ ಹಲ್ಲಿನ ಮುದುಕಿಯ ಬಗ್ಗೆ ಸ್ಕಾಟ್ಲೆಂಡಿನ ಹಳೇ ಪದ್ಯವೂ ಇದೆ. ಕಾಮಿಕ್ಸ್ ಬೇಕಾಗಿಯೇ ಇರಲಿಲ್ಲ.

ಗಾರ್ಬಲ್ಸ್ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಆ ಹಳೇ ಗಲ್ಲಿಗಳನ್ನು ಕೆಡವಿ ಹೊಸ ಎಸ್ಟೇಟುಗಳನ್ನು ಕಟ್ಟಿದರು. ಅದರಲ್ಲಿ ಹಚೆಸನ್‌ಟೌನ್ ಇ ಅನ್ನುವ ಭಾಗಕ್ಕೆ ಜನ ಕೊಟ್ಟ ಅಡ್ಡಹೆಸರು ಡ್ಯಾಂಪೀಸ್. ಅಂದರೆ ಒದ್ದೆಮನೆಗಳು! ಗೋಡೆ ತುಂಬ ನೀರು, ಬೂಷ್ಟು. ಜನ ಸಂಘ ಕಟ್ಟಿಕೊಂಡು 70ರ ದಶಕದಲ್ಲಿ ಹೋರಾಡಿದರು. ನೀವು ಬದುಕುವ ರೀತಿಯೇ ಸರಿ ಇಲ್ಲ, ಕಿಟಕಿ ತೆಗೆಯಿರಿ, ಹೀಟರ್ ಹಾಕಿ ಅನ್ನುವ ಉತ್ತರ ಬಂತು. 1987ರಲ್ಲಿ ಆ ಕಟ್ಟಡಗಳನ್ನೇ ಕೆಡವಿದರು. ಇಲ್ಲದ ಪಿಶಾಚಿಯನ್ನು ಮಕ್ಕಳು ಹುಡುಕಿದಾಗ ದೇಶಕ್ಕೇ ಒಂದು ಕಾನೂನು ಬಂತು. ಇರುವ ಬೂಷ್ಟನ್ನು ದೊಡ್ಡವರು ಬೆರಳು ಮಾಡಿ ತೋರಿಸಿದಾಗ ಕಿಟಕಿ ತೆಗೆಯಿರಿ ಅಂದರು. ಎಸ್ಟೇಟ್ ಹಾರರ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಜೋಡಿ ಕಥೆಯನ್ನೇ.

ಈ ಜಗಳ ಇನ್ನೂ ಮುಗಿದಿಲ್ಲ. 2020ರಲ್ಲಿ ಇಂಗ್ಲೆಂಡಿನ ರೋಚ್‌ಡೇಲ್‌ನ ಒಂದು ಫ್ಲ್ಯಾಟಿನಲ್ಲಿ ಎರಡು ವರ್ಷದ ಮಗು ಬೂಷ್ಟಿನಿಂದ ಉಸಿರಾಟದ ತೊಂದರೆಯಾಗಿ ಸತ್ತುಹೋಯಿತು. ಅಪ್ಪ ಅಮ್ಮ ವರ್ಷಗಟ್ಟಲೆ ದೂರು ಕೊಟ್ಟಿದ್ದರು. 2021ರಲ್ಲಿ ವಸತಿ ಓಂಬುಡ್ಸ್‌ಮನ್, ಅಂದರೆ ಬಾಡಿಗೆದಾರರ ದೂರು ವಿಚಾರಿಸುವ ಅಧಿಕಾರಿ, ಹೊರತಂದ ವರದಿಯ ಹೆಸರಲ್ಲೇ 'ಇದು ಲೈಫ್‌ಸ್ಟೈಲ್ ಅಲ್ಲ' ಅಂತ ಬರೆಯಬೇಕಾಯಿತು. ಈಗ ಆ ಮಗುವಿನ ಹೆಸರಿನಲ್ಲೇ ಒಂದು ಕಾನೂನು ಇದೆ. 2025ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಜೀವಕ್ಕೆ ಅಪಾಯ ತರುವ ತುರ್ತು ತೊಂದರೆ ಇದ್ದರೆ 24 ಗಂಟೆಯೊಳಗೆ ನೋಡಬೇಕು ಅನ್ನುತ್ತದೆ. ಲಂಡನ್ನಿನ ಗ್ರೆನ್‌ಫೆಲ್ ಗೋಪುರದ ಬೆಂಕಿಯ ಬಗ್ಗೆ ಎಲ್ಲರಿಗೂ ಗೊತ್ತು. 2017ರ ಜೂನ್ 14, 24 ಮಹಡಿ, 72 ಸಾವು. ದೊಡ್ಡ ಅನಾಹುತ ಆಗದೆ ಕಟ್ಟಡ ನೋಡಿಕೊಳ್ಳುವವರು ಕಣ್ಣು ತೆರೆಯುವುದಿಲ್ಲ ಅಂತ ಅಲ್ಲಿನ ಬಾಡಿಗೆದಾರರ ಗುಂಪು 2016ರಲ್ಲೇ ಬರೆದಿತ್ತು. ಇಂಥದ್ದರ ಮುಂದೆ ಯಾವ ಕಥೆಯ ದೆವ್ವವೂ ಸಣ್ಣದೇ. ಅದಕ್ಕೇ ಜಾಣ ಕಥೆಗಾರರು ಬೆಂಕಿಯನ್ನು ಬರೆಯುವುದಿಲ್ಲ. ಅದಕ್ಕೆ ಮುಂಚಿನ ಪತ್ರಗಳನ್ನು ಬರೆಯುತ್ತಾರೆ.

ಇಲ್ಲೇ ಈ ಕಥೆಗಳು ಹಳೇ ಬಂಗಲೆ ಕಥೆಯ ಒಂದು ದೊಡ್ಡ ತೂತನ್ನು ಮುಚ್ಚುವುದು. ಬಂಗಲೆಯ ಕಥೆ ಓದುವಾಗ ಎಲ್ಲರಿಗೂ ಬರುವ ಪ್ರಶ್ನೆ: ಅಯ್ಯೋ, ಮನೆ ಬಿಟ್ಟು ಹೋಗಬಾರದಾ? ಕಥೆಗಾರ ಪಾಪ ಹಿಮ ಸುರಿಸಬೇಕು, ಸೇತುವೆ ಮುರಿಸಬೇಕು, ಕಾರು ಕೆಡಿಸಬೇಕು. ಎಸ್ಟೇಟಿನಲ್ಲಿ ಇದೇನೂ ಬೇಡ. ಕೌನ್ಸಿಲ್ ಮನೆಗೆ ಕಾಯುವವರ ಪಟ್ಟಿ ಇದೆ. ನೀವಾಗಿಯೇ ಮನೆ ಬಿಟ್ಟರೆ 'ಬೇಕೆಂದೇ ಮನೆ ಕಳೆದುಕೊಂಡವರು' ಅಂತ ಕಾನೂನಿನಲ್ಲೇ ಒಂದು ವಿಭಾಗ ಇದೆ. ಅದರಲ್ಲಿ ಸೇರಿದರೆ ಕೌನ್ಸಿಲ್ ನಿಮಗೆ ಕಾಯಂ ಮನೆ ಹುಡುಕಿಕೊಡುವ ಹೊಣೆಯಿಂದ ಕೈ ತೊಳೆದುಕೊಳ್ಳಬಹುದು. ದೆವ್ವ ಇದೆ ಅಂತ ಯಾವ ಫಾರ್ಮಿನಲ್ಲಿ ಬರೆಯುತ್ತೀರಿ? 2020ರ ಹಿಸ್ ಹೌಸ್ ಸಿನಿಮಾ ಇದನ್ನು ಇನ್ನೂ ಬಿಗಿ ಮಾಡಿತು. ದಕ್ಷಿಣ ಸುಡಾನಿನಿಂದ ಓಡಿಬಂದ ಗಂಡ ಹೆಂಡತಿ ಅವರು. ಇಂಗ್ಲೆಂಡಿನಲ್ಲಿ ಆಶ್ರಯ ಕೇಳಿದ್ದಾರೆ, ಕೊಟ್ಟ ಮನೆ ಬಿಡುವ ಹಾಗಿಲ್ಲ. ಗೋಡೆಯಲ್ಲಿ ಏನಿದ್ದರೂ ಅಲ್ಲೇ ಇರಬೇಕು, ಅಧಿಕಾರಿ ಬಂದಾಗ ಎಲ್ಲ ಚೆನ್ನಾಗಿದೆ ಅಂತ ನಗಬೇಕು.

ಆಫೀಸಿನ ಭಾಷೆಯೂ ಕಥೆಗಾರನ ಪಾಲಿಗೆ ನಿಧಿ. ಖಾಲಿ ಮನೆಗೆ ಬ್ರಿಟಿಷ್ ವಸತಿ ಆಫೀಸುಗಳಲ್ಲಿ ಹೇಳುವುದು ವಾಯ್ಡ್ ಅಂತ. ಅಂದರೆ ಶೂನ್ಯ! ಕಿಟಕಿ ಬಾಗಿಲಿಗೆ ತೂತುತೂತಿನ ಕಬ್ಬಿಣದ ತಗಡು ಹೊಡೆದು ಮುಚ್ಚುತ್ತಾರೆ. ಕೆಡವುವ ಮುಂಚೆ ಜನರನ್ನು ಖಾಲಿ ಮಾಡಿಸುವುದಕ್ಕೆ ಡಿಕ್ಯಾಂಟ್ ಅನ್ನುತ್ತಾರೆ. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಬಗ್ಗಿಸುವುದು. ಇದು ಒಂದೇ ದಿನದಲ್ಲಿ ಆಗುವುದಿಲ್ಲ. ಲಂಡನ್ನಿನ ಹೇಗೇಟ್ ಎಸ್ಟೇಟು 1974ರಲ್ಲಿ ಮುಗಿದದ್ದು, 1200ಕ್ಕೂ ಹೆಚ್ಚು ಮನೆ. ವರ್ಷಗಟ್ಟಲೆ ಖಾಲಿ ಮಾಡಿಸುತ್ತಲೇ ಇದ್ದರು. ಕೊನೆಯವರು ಹೊರಬಿದ್ದದ್ದು 2013ರಲ್ಲಿ. ಸಾವಿರ ಮನೆಗಳಿಗೆ ತಗಡು, ಎಲ್ಲೋ ಒಂದು ಕಿಟಕಿಯಲ್ಲಿ ಮಾತ್ರ ದೀಪ. ಆ ದೀಪದ ಒಳಗೆ ಕೂತವರ ರಾತ್ರಿಗಳನ್ನು ಸುಮ್ನೆ ಊಹಿಸಿಕೊಳ್ಳಿ.

ಇದನ್ನೆಲ್ಲ ಕಥೆಯಲ್ಲಿ ಹೇಗೆ ಹೊಂದಿಸುತ್ತಾರೆ ಅಂತ ತೋರಿಸಲು ನಾನೇ ಒಂದು ತುಣುಕು ಮಾಡುತ್ತೇನೆ. 14ನೇ ಮಹಡಿ, ಒಂಟಿ ಹೆಂಗಸು, ಮಕ್ಕಳಿಲ್ಲ. ಪೂರ್ತಿ ಕಥೆ ಆಫೀಸಿನ ರಿಪೇರಿ ದಾಖಲೆಯಲ್ಲೇ ನಡೆಯುತ್ತದೆ ಅಂದುಕೊಳ್ಳಿ.

ಅಕ್ಟೋಬರ್ 3. ಮೇಲಿನ ಮನೆಯಲ್ಲಿ ರಾತ್ರಿ 2 ಗಂಟೆಗೆ ಮಗು ಓಡುವ ಸದ್ದು ಎಂದು ದೂರು. ಪರಿಶೀಲಿಸಲಾಗಿದೆ. ಮೇಲಿನ ಮನೆ ವಾಯ್ಡ್.

ಅಕ್ಟೋಬರ್ 19. ಸೂರಿನಲ್ಲಿ ಕಪ್ಪು ಗುರುತುಗಳು ಎಂದು ದೂರು. ಬೂಷ್ಟು. ಕಿಟಕಿ ತೆರೆಯಲು ಸಲಹೆ ನೀಡಲಾಗಿದೆ.

ನವೆಂಬರ್ 8. ಗುರುತುಗಳು ಪಾದದ ಆಕಾರದಲ್ಲಿವೆ ಎಂದು ದೂರು. ಬಣ್ಣ ಹೊಡೆಯಲಾಗಿದೆ.

ನವೆಂಬರ್ 30. ಗುರುತುಗಳು ಸೂರಿನಿಂದ ಗೋಡೆಗೆ ಇಳಿದಿವೆ ಎಂದು ದೂರು. ಮೇಲಿನ ಮನೆಯಿಂದ ಈಗ ಸದ್ದಿಲ್ಲ ಎಂದೂ ತಿಳಿಸಿದ್ದಾರೆ. ಸದ್ದಿನ ದೂರು ಪರಿಹಾರವಾಗಿದೆ ಎಂದು ದಾಖಲಿಸಲಾಗಿದೆ.

ಡಿಸೆಂಬರ್ 12. ಭೇಟಿ ನೀಡಲಾಯಿತು. ಮಗು ಬಾಗಿಲು ತೆರೆಯಿತು. ದೊಡ್ಡವರು ಮನೆಯಲ್ಲಿರಲಿಲ್ಲ. ದೂರು ಮುಚ್ಚಲಾಗಿದೆ.

ಇಲ್ಲಿ ದೆವ್ವದ ವರ್ಣನೆ ಒಂದು ಸಾಲೂ ಇಲ್ಲ, ಗಮನಿಸಿ. ಹೆದರಿಕೆ ಹುಟ್ಟುವುದು 'ಪರಿಹಾರವಾಗಿದೆ' ಅನ್ನುವ ಪದದಿಂದ. ಸದ್ದು ನಿಂತದ್ದು ಯಾಕೆ ಅಂತ ಓದುಗನಿಗೆ ಗೊತ್ತು, ಬರೆದುಕೊಂಡವನಿಗೆ ಗೊತ್ತಿಲ್ಲ. ಕೊನೆಯ ದಾಖಲೆಯಲ್ಲಿ ಬಾಗಿಲು ತೆರೆದದ್ದು ಯಾರು ಅನ್ನುವುದನ್ನು ಬಿಡಿಸಿ ಹೇಳಿದರೆ ಕಥೆ ಕೆಟ್ಟಿತು. ದೆವ್ವದ ಹುಟ್ಟು, ಅದರ ಸೇಡು, ಹಿಂದೆ ನಡೆದ ಕೊಲೆ, ಇವೆಲ್ಲ ಬಂಗಲೆ ಕಥೆಯ ಸಾಮಾನು. ಎಸ್ಟೇಟಿಗೆ ತಂದರೆ ಹೊಂದುವುದಿಲ್ಲ, ಹೊಸ ಫ್ಲ್ಯಾಟಿಗೆ ಕಂಬದ ಮಂಟಪ ತಂದಿಟ್ಟ ಹಾಗೆ.

ಈ ಬಗೆಯ ಕಥೆಗಳಲ್ಲಿ ನನಗೆ ಸಿಟ್ಟು ಬರಿಸುವುದೂ ಒಂದಿದೆ. ಎಷ್ಟೋ ಕಥೆಗಳಲ್ಲಿ ಹೊರಗಿನಿಂದ ಬಂದ ಓದಿದ ಒಬ್ಬರು ಇರುತ್ತಾರೆ. ಸಂಶೋಧಕಿ, ವರದಿಗಾರ, ಹೊಸ ಟೀಚರ್. ಎಸ್ಟೇಟಿನ ಜನ ಅವರಿಗೆ ಎಚ್ಚರಿಕೆ ಕೊಡುವುದಕ್ಕೆ, ಇಲ್ಲವೇ ಸಾಯುವುದಕ್ಕೆ ಮಾತ್ರ ಇರುತ್ತಾರೆ. ಇನ್ನು ಕೆಲವು ಕಥೆಗಳಲ್ಲಿ ಟೋಪಿಯ ಅಂಗಿ ಹಾಕಿದ ಹುಡುಗರೇ ರಾಕ್ಷಸರು, ಮುಖವೇ ಇಲ್ಲದ ಗುಂಪು. ಬಡವರ ಭಯವನ್ನು ಹೇಳುತ್ತೇವೆ ಅಂತ ಹೊರಟು ಬಡವರ ಬಗೆಗಿನ ಭಯವನ್ನು ಮಾರುವುದು ಇದು. ಎರಡಕ್ಕೂ ವ್ಯತ್ಯಾಸ ಗುರುತಿಸುವುದು ಸುಲಭ. ಮೆಟ್ಟಿಲಲ್ಲಿ ಕೂತ ಹುಡುಗನಿಗೆ ಕಥೆಯಲ್ಲಿ ಒಂದು ಹೆಸರು, ಒಂದು ಅಮ್ಮ, ಮೂರನೇ ಮಹಡಿಯ ಅಜ್ಜಿಗೆ ಸಾಮಾನು ಹೊತ್ತು ಕೊಡುವ ಒಂದು ಸಂಜೆ ಇದೆಯಾ ನೋಡಿ. ಎಸ್ಟೇಟುಗಳಲ್ಲಿ ನಿಜವಾಗಿಯೂ ಇದ್ದದ್ದು ಅಂಥ ಒಡನಾಟ. ಗಾರ್ಬಲ್ಸ್‌ನಲ್ಲಿ ತೇವದ ವಿರುದ್ಧ ಗೆದ್ದದ್ದೂ ಅದರ ಬಲದಿಂದಲೇ.

ಬೆಳಗಿನ ಜಾವದ ಒಂದು ಘಟನೆ ಹೇಳುವುದು ಉಳಿದಿದೆ. 1968ರ ಮೇ 16, ಪೂರ್ವ ಲಂಡನ್ನಿನ ರೋನನ್ ಪಾಯಿಂಟ್. 22 ಮಹಡಿ, ಜನ ಬಂದು ಎರಡು ತಿಂಗಳು. 18ನೇ ಮಹಡಿಯ ಮೂಲೆಮನೆಯ ಹೆಂಗಸೊಬ್ಬರು ಟೀ ಮಾಡಲು ಒಲೆ ಹಚ್ಚಿದರು. ಗ್ಯಾಸ್ ಸೋರಿತ್ತು. ಸ್ಫೋಟ ದೊಡ್ಡದೇನಲ್ಲ, ಆಕೆಯೇ ಬದುಕಿ ಉಳಿದರು. ಆದರೆ ಹೊರಗೋಡೆಯ ಹಲಗೆ ಹಾರಿಹೋಯಿತು. ಅದರ ಮೇಲೆ ಕೂತಿದ್ದ ಮಹಡಿಗಳು ಕುಸಿದವು, ಆ ಭಾರಕ್ಕೆ ಕೆಳಗಿನವೂ ಕುಸಿದವು. ಕಟ್ಟಡದ ಒಂದು ಮೂಲೆ ಇಸ್ಪೀಟಿನ ಮನೆಯ ಹಾಗೆ ಕೆಳಗಿಳಿಯಿತು. ನಾಲ್ಕು ಜನ ಸತ್ತರು. ಆಮೇಲೆ ರಿಪೇರಿ ಮಾಡಿ ಮತ್ತೆ ಜನರನ್ನು ಅಲ್ಲೇ ಇರಿಸಿದರು. ಸ್ಯಾಮ್ ವೆಬ್ ಅನ್ನುವ ವಾಸ್ತುಶಿಲ್ಪಿ, ಇದು ಸುರಕ್ಷಿತವಲ್ಲ, ಹಲಗೆಗಳ ಜೋಡಣೆಯೇ ಸರಿಯಿಲ್ಲ ಅಂತ ವರ್ಷಗಟ್ಟಲೆ ಹೇಳಿದರು. ಕೊನೆಗೆ 1986ರಲ್ಲಿ ಕಟ್ಟಡವನ್ನು ಸಿಡಿಸದೆ, ಮಹಡಿ ಮಹಡಿಯಾಗಿ ಬಿಚ್ಚಿದರು. ಒಳಗೆ ಏನಿದೆ ನೋಡಬೇಕಿತ್ತು. ಗಾರೆ ತುಂಬಿರಬೇಕಿದ್ದ ಸಂದಿಗಳಲ್ಲಿ ಸಿಕ್ಕಿದ್ದು ಹಳೇ ನ್ಯೂಸ್‌ಪೇಪರ್.